ನಂಬರ್ ಬೀಳುವ ಮುನ್ನ ಗಾಡಿ ನೋಡಿ

ಹೊಸ ಕಾರು ಕೊಂಡು ಬೇಸರದಿಂದ ನನ್ನ ಕಚೇರಿಗೆ ಬರುವವರ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ಮೇಡಂ, ಇದೆ ಎಂದು ಹೇಳಿದ್ದು ಗಾಡಿಯಲ್ಲಿ ಇಲ್ಲ. ಕೇಸು ಹಾಕಬಹುದೇ?" ನಾನು ಮರಳಿ ಕೇಳುವುದೂ ಒಂದೇ: "ನಂಬರ್ ಬಂದಿದೆಯೇ?" ಬಂದಿಲ್ಲ ಎಂದರೆ ಅರ್ಧ ಕೆಲಸ ಮುಗಿದಂತೆ. ಬಂದಿದೆ ಎಂದರೆ ಅವರನ್ನು ಕೂರಿಸಿ ಕಾಗದಗಳನ್ನು ಒಂದೊಂದಾಗಿ ಬಿಡಿಸಬೇಕಾಗುತ್ತದೆ.

ಗ್ರಾಹಕ ವ್ಯಾಜ್ಯಗಳನ್ನು ನಡೆಸುವ ವಕೀಲೆಯಾಗಿ ಇದನ್ನು ಎಷ್ಟು ಸಲ ಹೇಳಿದರೂ ಸಾಲದು ಎನಿಸುತ್ತದೆ. ಕಾರು ಕೊಳ್ಳುವವನ ನಿಜವಾದ ಬಲ ಇರುವುದು ದೂರು ಕೊಡುವುದರಲ್ಲಿ ಅಲ್ಲ, ಬೇಡ ಎನ್ನುವುದರಲ್ಲಿ. ಆ ಬಲ ನೋಂದಣಿಯ ತನಕ ಪೂರ್ತಿಯಾಗಿ ಇರುತ್ತದೆ, ಆಮೇಲೆ ದಿನದಿಂದ ದಿನಕ್ಕೆ ಕರಗುತ್ತದೆ.

ಕಾರಣ ಹಣದ್ದು. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಆಜೀವ ತೆರಿಗೆ ಅದರ ಬೆಲೆಯ ಮೇಲೆ ನಿಂತಿದೆ: 5 ಲಕ್ಷದವರೆಗೆ ಶೇ 13, ಅಲ್ಲಿಂದ 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಸೆಸ್ ಬೇರೆ. 12 ಲಕ್ಷದ ಕಾರಿಗೆ ತೆರಿಗೆಯೇ 2 ಲಕ್ಷ ದಾಟುತ್ತದೆ. ಅದು ಕಟ್ಟಿ, ನಿಮ್ಮ ಹೆಸರಿಗೆ ನೋಂದಣಿಯಾದ ಗಳಿಗೆಯಿಂದ ಆ ಕಾರು ಮಾರುಕಟ್ಟೆಯ ಲೆಕ್ಕದಲ್ಲಿ ಹಳೆಯದು. ಡೀಲರ್ ಅದನ್ನು ಹಿಂದಕ್ಕೆ ಪಡೆದು ಇನ್ನೊಬ್ಬರಿಗೆ ಹೊಸದೆಂದು ಮಾರುವಂತಿಲ್ಲ. ಹಾಗಾಗಿ ನೋಂದಣಿಗೆ ಮುಂಚೆ "ನೋಡೋಣ ಸರ್, ಬೇರೆ ಗಾಡಿ ತರಿಸೋಣ" ಎನ್ನುವ ಅದೇ ಮ್ಯಾನೇಜರ್, ನೋಂದಣಿಯ ನಂತರ "ಕಂಪನಿಗೆ ಬರೆದಿದ್ದೇವೆ" ಎನ್ನತೊಡಗುತ್ತಾರೆ.

ಇಲ್ಲೊಂದು ತೊಡಕಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 42ನೆಯ ನಿಯಮದ ಪ್ರಕಾರ ತಾತ್ಕಾಲಿಕವಾಗಿಯೋ ಕಾಯಂ ಆಗಿಯೋ ನೋಂದಣಿ ಮಾಡಿಸದೆ ಡೀಲರ್ ವಾಹನವನ್ನು ಗ್ರಾಹಕರ ಕೈಗೆ ಕೊಡುವಂತಿಲ್ಲ. ನಿಯಮ ಒಳ್ಳೆಯದೇ. ಆದರೆ ಡೆಲಿವರಿಯ ದಿನವೇ ಮೊದಲ ಬಾರಿಗೆ ತಮ್ಮ ಕಾರನ್ನು ಕಾಣುವವರು, ಅಂದರೆ ನಮ್ಮಲ್ಲಿ ಬಹುಪಾಲು ಜನ, ಗಾಡಿ ನೋಡುವ ಹೊತ್ತಿಗೆ ಮೇಲೆ ಹೇಳಿದ ಗೆರೆ ದಾಟಿಬಿಟ್ಟಿರುತ್ತಾರೆ.

ಆದ್ದರಿಂದ ಬಿಲ್ ಮಾಡಿಸುವ ಮುನ್ನ ನಿಮಗೆ ಹಂಚಿಕೆಯಾದ ಕಾರಿನ ಚಾಸಿ ಸಂಖ್ಯೆ ಕೇಳಿ ಪಡೆಯಿರಿ. ಸ್ಟಾಕ್‌ಯಾರ್ಡ್‌ಗೆ ಹೋಗಿ ಆ ಸಂಖ್ಯೆಯ ಕಾರನ್ನೇ ನೋಡಿ. ಶೋರೂಂನಲ್ಲಿ ನಿಲ್ಲಿಸಿದ ಗಾಡಿ ಸಾಮಾನ್ಯವಾಗಿ ಎಲ್ಲ ಸೌಲಭ್ಯಗಳೂ ಇರುವ ಟಾಪ್ ಎಂಡ್. ಟೆಸ್ಟ್ ಡ್ರೈವ್‌ಗೆ ಕೊಡುವುದೂ ಅದನ್ನೇ. ನಿಮ್ಮದು ಅದಲ್ಲ. ಬೆಲೆಪಟ್ಟಿಯ ಜೊತೆಗಿರುವ, ಯಾವ ವೇರಿಯಂಟ್‌ನಲ್ಲಿ (ಒಂದೇ ಮಾದರಿಯ ಬೇರೆಬೇರೆ ದರ್ಜೆ) ಯಾವ ಸೌಲಭ್ಯವಿದೆ ಎಂಬ ಪಟ್ಟಿಯನ್ನು ಮುದ್ರಿಸಿಕೊಂಡು ಹೋಗಿ, ಒಂದೊಂದನ್ನೂ ಮುಟ್ಟಿ ನೋಡಿ ಟಿಕ್ ಹಾಕಿ. ಇದಕ್ಕೆ ಡೀಲರ್ ಒಪ್ಪದಿದ್ದರೆ ಅಂಥ ಕಡೆ ಹಣ ಕಟ್ಟಬೇಡಿ ಎಂದೇ ನಾನು ಹೇಳುತ್ತೇನೆ. ಸರಕು ಮಾರಾಟ ಕಾಯ್ದೆ, 1930ರ 41ನೆಯ ಕಲಮು ಕೊಳ್ಳುವವನಿಗೆ ಸರಕನ್ನು ಪರೀಕ್ಷಿಸಿ ನೋಡುವ ಅವಕಾಶ ಸಿಗಬೇಕು ಎನ್ನುತ್ತದೆ. ಅದೇ ಕಾಯ್ದೆಯ 15ನೆಯ ಕಲಮಿನಂತೆ ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು. ಹೊಂದದಿದ್ದರೆ ನಿರಾಕರಿಸಬಹುದು. ಆದರೆ ಒಮ್ಮೆ ಸ್ವೀಕರಿಸಿದಿರೋ, 13ನೆಯ ಕಲಮು ಅಡ್ಡ ಬರುತ್ತದೆ: ಸರಕನ್ನು ತಿರಸ್ಕರಿಸುವ ಹಕ್ಕು ಹೋಗಿ ನಷ್ಟಪರಿಹಾರ ಕೇಳುವ ಹಕ್ಕು ಮಾತ್ರ ಉಳಿಯುತ್ತದೆ. ಏನೂ ಹೇಳದೆ ತಿಂಗಳುಗಟ್ಟಲೆ ಓಡಿಸಿದರೆ ಅದೂ ಸ್ವೀಕಾರವೇ.

ಮುಹೂರ್ತದ ಮಾತನ್ನೂ ಹೇಳಬೇಕು. ಆಷಾಢ ಮುಗಿಯುವುದನ್ನೇ ಕಾದು ಶ್ರಾವಣದ ಶುಕ್ರವಾರಕ್ಕೋ ಆಯುಧಪೂಜೆಗೋ ಗಾಡಿ ತರುವುದು ನಮ್ಮ ಮನೆಗಳ ಪದ್ಧತಿ. ನನಗೂ ಅದರಲ್ಲಿ ನಂಬಿಕೆಯಿದೆ. ಆದರೆ ಅಂದು ಶೋರೂಂನಲ್ಲಿ ಒಂದರ ಹಿಂದೊಂದು ಡೆಲಿವರಿ ಇರುತ್ತದೆ. ಹಾರ ಹಾಕಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು, ರಟ್ಟಿನ ದೊಡ್ಡ ಕೀ ಹಿಡಿದು ಫೋಟೊ ತೆಗೆಸಿಕೊಳ್ಳುವ ಗಡಿಬಿಡಿಯಲ್ಲಿ ಐದಾರು ಹಾಳೆಗಳಿಗೆ ಸಹಿ ಹೋಗಿರುತ್ತದೆ. ಅವುಗಳಲ್ಲಿ ಒಂದರಲ್ಲಿ "ಎಲ್ಲ ಸೌಲಭ್ಯಗಳನ್ನೂ ನನಗೆ ವಿವರಿಸಲಾಗಿದೆ, ವಾಹನವನ್ನು ತೃಪ್ತಿಕರ ಸ್ಥಿತಿಯಲ್ಲಿ ಪಡೆದಿದ್ದೇನೆ" ಎಂದಿರುತ್ತದೆ. ಮುಂದೆ ಗ್ರಾಹಕ ಆಯೋಗದಲ್ಲಿ ಎದುರು ಪಕ್ಷದವರು ಮೊದಲು ಹೊರತೆಗೆಯುವುದು ಆ ಹಾಳೆಯನ್ನು. ಸಹಿ ಹಾಕಲೇಬೇಕಾಗಿ ಬಂದರೆ ಅದರ ಪಕ್ಕದಲ್ಲೇ ನಿಮ್ಮ ಕೈಬರಹದಲ್ಲಿ "ಪರಿಶೀಲನೆಗೆ ಒಳಪಟ್ಟು" ಎಂದು ಬರೆಯಿರಿ. ಕೊರತೆ ಆಗಲೇ ಕಂಡಿದ್ದರೆ ಅದರ ಹೆಸರನ್ನೂ ಬರೆದು ಹಾಳೆಯ ಫೋಟೊ ತೆಗೆದುಕೊಳ್ಳಿ. ಮುಹೂರ್ತ ತಪ್ಪಬಾರದೆಂದರೆ ತಪಾಸಣೆಯನ್ನು ನಾಲ್ಕು ದಿನ ಮೊದಲೇ ಮುಗಿಸಿಕೊಳ್ಳಿ.

ನನ್ನ ಕಕ್ಷಿದಾರರಲ್ಲಿ ಒಬ್ಬ ತಾಯಿ ಇದ್ದರು. ಮಗಳು ಹೆದ್ದಾರಿಯಲ್ಲಿ ದಿನವೂ ಕಾಲೇಜಿಗೆ ಪಾಠ ಮಾಡಲು ಹೋಗುತ್ತಾಳೆ ಎಂದು ಆರು ಏರ್‌ಬ್ಯಾಗ್ ಇರುವ ಕಾರೇ ಬೇಕೆಂದು ಹುಡುಕಿ, ಮಧ್ಯದ ವೇರಿಯಂಟ್ ಒಂದನ್ನು ಬುಕ್ ಮಾಡಿದ್ದರು. "ಆರೂ ಇದೆ ಅಮ್ಮ" ಎಂದು ಸೇಲ್ಸ್ ಹುಡುಗ ವಾಟ್ಸ್ಆ್ಯಪ್‌ನಲ್ಲಿ ಬರೆದಿದ್ದ. ಕಾರು ಮನೆಗೆ ಬಂದ ಮರುದಿನ ಮಗಳು ಸೀಟ್‌ಬೆಲ್ಟ್ ಎಳೆಯುವಾಗ ಗಮನಿಸಿದಳು. ಕಿಟಕಿಯ ಮೇಲ್ಭಾಗದ ಕಂಬದ ಹೊದಿಕೆಯಲ್ಲಿ, ಮುಂದಿನ ಸೀಟಿನ ಹೊರ ಅಂಚಿನಲ್ಲಿ ಏರ್‌ಬ್ಯಾಗ್ ಎಂಬ ಅಕ್ಷರಗಳು ಇರಬೇಕಾದಲ್ಲಿ ಏನೂ ಇರಲಿಲ್ಲ. ಸ್ಟೀರಿಂಗ್ ಮೇಲೆ ಒಂದು, ಡ್ಯಾಶ್‌ಬೋರ್ಡ್ ಮೇಲೆ ಒಂದು, ಅಷ್ಟೇ. ಮುಂದಿನ ಎರಡು ಏರ್‌ಬ್ಯಾಗ್ ಕಾನೂನಿನ ಕನಿಷ್ಠ. ಉಳಿದ ನಾಲ್ಕು ಅದರ ಮೇಲಿನ ವೇರಿಯಂಟ್‌ನಲ್ಲಿದ್ದವು. ಕಂಪನಿಯ ಪ್ರಚಾರದ ಕೈಪಿಡಿಯಲ್ಲಿ (ಬ್ರೋಷರ್) "ಆರು ಏರ್‌ಬ್ಯಾಗ್" ಎಂಬ ದೊಡ್ಡ ಅಕ್ಷರಗಳ ತಲೆಯ ಮೇಲೆ ಒಂದು ನಕ್ಷತ್ರ ಚಿಹ್ನೆ. ಕೊನೆಯ ಪುಟದ ಅಡಿಯಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ, "ಆಯ್ದ ವೇರಿಯಂಟ್‌ಗಳಲ್ಲಿ ಮಾತ್ರ".

ಡೀಲರ್ ಮೊದಲು ಕೊಡಲು ಬಂದದ್ದು ಸೀಟ್ ಕವರ್ ಮತ್ತು ಸೆರಾಮಿಕ್ ಕೋಟಿಂಗ್. ಮಗಳ ಜೀವದ ಬಗ್ಗೆ ಮಾತಾಡುತ್ತಿರುವ ತಾಯಿಗೆ ಸೀಟ್ ಕವರ್! ಆಕೆ ಸಿಟ್ಟಿನಿಂದ ಫೋನಿನಲ್ಲಿ ಜಗಳವಾಡುವುದನ್ನು ಬಿಟ್ಟು ಅಂದೇ ಡೀಲರ್‌ನ ಜನರಲ್ ಮ್ಯಾನೇಜರ್‌ಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ ಇ-ಮೇಲ್ ಬರೆದಿದ್ದರು, ಹುಡುಗನ ವಾಟ್ಸ್ಆ್ಯಪ್ ಸಂದೇಶವನ್ನು ಲಗತ್ತಿಸಿ, ಓಡೋಮೀಟರ್‌ನ ಚಿತ್ರವನ್ನೂ ಸೇರಿಸಿ. ಆ ಒಂದು ಪತ್ರ ನನ್ನ ಕೆಲಸವನ್ನು ಹಗುರ ಮಾಡಿತು. ಆಯೋಗದ ಮಧ್ಯಸ್ಥಿಕೆಯಲ್ಲಿ ಡೀಲರ್ ಆ ಕಾರನ್ನು ಬಿಲ್ಲಿನ ಪೂರ್ಣ ಬೆಲೆಗೆ ವಿನಿಮಯವಾಗಿ ಪಡೆದು ಮೇಲಿನ ವೇರಿಯಂಟ್ ಕೊಟ್ಟ. ಎರಡನೆಯ ನೋಂದಣಿಯ ತೆರಿಗೆಯನ್ನು ಇಬ್ಬರೂ ಹಂಚಿಕೊಂಡರು. ಪೂರ್ತಿ ನ್ಯಾಯ ಅಲ್ಲ, ಆದರೆ ಮಗಳು ಕೂರುವ ಕಾರಿನಲ್ಲಿ ಈಗ ಆರು ಏರ್‌ಬ್ಯಾಗ್ ಇವೆ.

ಎಲ್ಲ ಕೊರತೆಯೂ ಒಂದೇ ಬಗೆಯದಲ್ಲ. ಆ ತಾಯಿಯದು ಸೇಲ್ಸ್ ಸಿಬ್ಬಂದಿಯ ಮಾತು ನಂಬಿ ಆದದ್ದು. ನನ್ನ ಬಳಿ ಬರುವವುಗಳಲ್ಲಿ ಇವೇ ಹೆಚ್ಚು. ಇಲ್ಲಿ ಬರಹದ ಸಾಕ್ಷ್ಯವೇ ಎಲ್ಲ. ಬಾಯಿಮಾತಿನಲ್ಲಿ ಹೇಳಿದ್ದನ್ನು ಬುಕಿಂಗ್ ಫಾರ್ಮಿನಲ್ಲಿ ಬರೆಸಿಕೊಳ್ಳಿ, ಬರೆಯಲು ಹಿಂಜರಿದರೆ ಆ ಸೌಲಭ್ಯ ಇಲ್ಲವೆಂದೇ ತಿಳಿಯಿರಿ. ಇನ್ನೊಂದು ಬಗೆ, ಬುಕಿಂಗ್ ಆದ ಮೇಲೆ ಕಂಪನಿಯೇ ಸದ್ದಿಲ್ಲದೆ ಸೌಲಭ್ಯ ಕಡಿತ ಮಾಡಿರುವುದು. 2021ರಲ್ಲಿ ಚಿಪ್ ಕೊರತೆ ಬಂದಾಗ ಇದು ಜಗತ್ತಿನಾದ್ಯಂತ ನಡೆಯಿತು. ಬಿಎಂಡಬ್ಲ್ಯು ಕೆಲವು ಮಾದರಿಗಳಿಂದ ಟಚ್‌ಸ್ಕ್ರೀನ್ ತೆಗೆಯಿತು. ಟೆಸ್ಲಾದ ಕೆಲವು ಕಾರುಗಳು ಯುಎಸ್‌ಬಿ ಪೋರ್ಟ್ ಇಲ್ಲದೆ ಗ್ರಾಹಕರ ಕೈ ಸೇರಿದವು. ಮರುವರ್ಷ ಜಪಾನಿನಲ್ಲಿ ಟೊಯೊಟಾ ಎರಡು ಸ್ಮಾರ್ಟ್ ಕೀಗಳ ಬದಲು ಒಂದನ್ನು ಕೊಟ್ಟು, ಇನ್ನೊಂದು ಮಾಮೂಲಿ ಕೀ ಕೊಡುವುದಾಗಿ ಮೊದಲೇ ಪ್ರಕಟಿಸಿತು. ಹೀಗೆ ಮೊದಲೇ ಹೇಳಿ ಕೊಟ್ಟರೆ ಗ್ರಾಹಕನಿಗೆ ಒಪ್ಪುವ ಅಥವಾ ಬಿಡುವ ಆಯ್ಕೆ ಇರುತ್ತದೆ. ಹೇಳದೆ ಕೊಟ್ಟರೆ ಆ ಆಯ್ಕೆಯನ್ನು ಕಿತ್ತುಕೊಂಡಂತೆ. "ಮುನ್ಸೂಚನೆಯಿಲ್ಲದೆ ಬದಲಾಯಿಸುವ ಹಕ್ಕು ಕಂಪನಿಗಿದೆ" ಎಂಬ ಸಾಲನ್ನು ತೋರಿಸಿ ಬಾಯಿ ಮುಚ್ಚಿಸಲು ನೋಡುತ್ತಾರೆ. ಆ ಸಾಲು ಮುಂದೆ ತಯಾರಾಗುವ ಕಾರುಗಳ ಮಟ್ಟಿಗೆ ಸರಿ. ಹಣ ಪಡೆದು ಒಪ್ಪಿಕೊಂಡ ವೇರಿಯಂಟ್‌ನಿಂದ ಹೇಳದೆ ಕೇಳದೆ ಒಂದು ಭಾಗ ತೆಗೆದು ಬೆಲೆ ಮಾತ್ರ ಅಷ್ಟೇ ಇಡಲು ಅದು ರಹದಾರಿ ಎಂದು ನಾನು ಒಪ್ಪುವುದಿಲ್ಲ, ಆಯೋಗದ ಮುಂದೆಯೂ ಹಾಗೆಯೇ ವಾದಿಸುತ್ತೇನೆ. ಇದಕ್ಕಾಗಿಯೇ ಬುಕ್ ಮಾಡಿದ ದಿನದ ಕೈಪಿಡಿಯನ್ನು ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು. ವಾರ ಕಳೆದು ನೋಡಿದರೆ ಕಂಪನಿಯ ಜಾಲತಾಣದಲ್ಲಿ ಹೊಸ ಕೈಪಿಡಿ ಇರಬಹುದು.

ಮೂರನೆಯದು ಅಪರೂಪ: ಬಿಲ್ ಮೇಲಿನ ವೇರಿಯಂಟ್‌ನದು, ಗಾಡಿ ಕೆಳಗಿನದು. ಇಲ್ಲಿ ನಷ್ಟವನ್ನು ಎರಡು ವೇರಿಯಂಟ್‌ಗಳ ಬೆಲೆಯ ಅಂತರಕ್ಕೆ ನಿಲ್ಲಿಸಬೇಡಿ. ಕೈಗೆ ಬಂದ ಗಾಡಿಯ ನಿಜ ಬೆಲೆ 9.90 ಲಕ್ಷ, ಬಿಲ್ 10.30 ಲಕ್ಷ ಎಂದುಕೊಳ್ಳಿ. ಅಂತರ 40 ಸಾವಿರ. ಆದರೆ 9.90 ಲಕ್ಷಕ್ಕೆ ಶೇ 14ರಂತೆ ತೆರಿಗೆ 1,38,600 ರೂಪಾಯಿ, 10.30 ಲಕ್ಷಕ್ಕೆ ಶೇ 17ರಂತೆ 1,75,100 ರೂಪಾಯಿ. ತೆರಿಗೆಯಲ್ಲೇ 36,500 ರೂಪಾಯಿ ಹೆಚ್ಚು ಹೋಗಿದೆ. ಅದರ ಮೇಲೆ ಸೆಸ್, ವಿಮೆಯ ಕಂತು, ಸಾಲದ ಬಡ್ಡಿ. ಡೀಲರ್ "40 ಸಾವಿರ ವಾಪಸ್ ಕೊಡುತ್ತೇವೆ" ಎಂದಾಗ ಖುಷಿಯಿಂದ ಸಹಿ ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ವಿಮೆ ಪಾಲಿಸಿಯಲ್ಲಿರುವ ವೇರಿಯಂಟ್ ಹೆಸರನ್ನೂ ಸರಿಪಡಿಸಿಕೊಳ್ಳಿ, ಇಲ್ಲದಿದ್ದರೆ ಕ್ಲೇಮ್ ಸಮಯದಲ್ಲಿ ಹೊಸ ತಕರಾರು ಹುಟ್ಟುತ್ತದೆ.

"ಮುಂದಿನ ಸರ್ವಿಸ್‌ಗೆ ಬಂದಾಗ ಹಾಕಿಸಿಕೊಡುತ್ತೇವೆ" ಎಂಬುದು ಬಹಳ ಕೇಳಿಬರುವ ಮಾತು. ಹಿಂಬದಿ ಕ್ಯಾಮೆರಾ, ಫಾಗ್ ಲ್ಯಾಂಪ್, ಆರ್ಮ್‌ರೆಸ್ಟ್, ಸ್ಪೀಕರ್ ಇವನ್ನು ಹಾಕಿಸಬಹುದು. ಕಂಪನಿಯ ಅಸಲಿ ಭಾಗವೇ ಆಗಿರಬೇಕು, ವೈರ್ ಕತ್ತರಿಸಿ ಜೋಡಿಸಿದರೆ ವಾರಂಟಿಗೆ ಧಕ್ಕೆ ಬರುತ್ತದೆ, ತಾರೀಖು ಬರಹದಲ್ಲಿ ಇರಬೇಕು. ಆದರೆ ಪಕ್ಕದ ಏರ್‌ಬ್ಯಾಗ್, ಕಾರ್ಖಾನೆಯಲ್ಲೇ ಕೂರಿಸುವ ಸನ್‌ರೂಫ್, ರಾಡಾರ್ ಆಧಾರಿತ ಚಾಲನಾ ನೆರವು ಇವನ್ನು ಆಮೇಲೆ ಜೋಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಡೀಲರ್ ಮೇಲೋ ಕಂಪನಿಯ ಮೇಲೋ ಎಂಬ ಪ್ರಶ್ನೆಗೆ ನನ್ನ ಉತ್ತರ, ಇಬ್ಬರನ್ನೂ ಪಕ್ಷಕಾರರನ್ನಾಗಿ ಮಾಡಿ, ಆದರೆ ಯಾರು ಏನು ಮಾಡಿದರು ಎಂಬುದನ್ನು ಬೇರೆಬೇರೆಯಾಗಿ ಬರೆಯಿರಿ. ಗೋವಾದ ಗ್ರಾಹಕರೊಬ್ಬರು 2011ರ ಮಾದರಿಗೆ ಹಣ ಕಟ್ಟಿ 2009ರ ಕಾರು ಪಡೆದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ತಯಾರಕ ಕಂಪನಿಯನ್ನು ಹೊಣೆಯಿಂದ ಬಿಡಿಸಿತು. ಡೀಲರ್ ಮಾಡಿದ್ದು ಕಂಪನಿಗೆ ಗೊತ್ತಿತ್ತು ಎಂದು ದೂರಿನಲ್ಲಿ ಹೇಳಿ ಸಾಬೀತು ಮಾಡಿರಲಿಲ್ಲ ಎಂಬುದೇ ಮುಖ್ಯವಾಯಿತು. ಸುಳ್ಳು ಹೇಳಿದ್ದು ಡೀಲರ್ ಆದರೆ ಹೊಣೆ ಅವನದು, ಕೈಪಿಡಿಯಲ್ಲಿ ಬರೆದು ಕಾರ್ಖಾನೆಯಲ್ಲಿ ಹಾಕದಿದ್ದರೆ ಕಂಪನಿಯದು. ಸುರಕ್ಷತೆಯ ಸೌಲಭ್ಯವಾದರೆ ನ್ಯಾಯಾಲಯದ ಧಾಟಿ ಬೇರೆ. 2022ರ ಏಪ್ರಿಲ್‌ನಲ್ಲಿ, ಅಪಘಾತದಲ್ಲಿ ಏರ್‌ಬ್ಯಾಗ್ ತೆರೆದುಕೊಳ್ಳದ ಹ್ಯುಂಡೈ ಕ್ರೆಟಾ ಪ್ರಕರಣದಲ್ಲಿ ಗ್ರಾಹಕರ ಪರವಾದ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಡಿಕ್ಕಿಯ ವೇಗ, ಬಲಗಳ ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಎಂಬುದು ಅದರ ನಿಲುವು. ಹಾಗೆಂದು ಫಾಗ್ ಲ್ಯಾಂಪ್ ಇಲ್ಲವೆಂದು ಇಡೀ ಕಾರನ್ನೇ ಬದಲಿಸಿಕೊಡಿ ಎಂದು ಕೇಳಿದರೆ ಸಿಗುವುದಿಲ್ಲ. ಭಾಗ ಬದಲಿಸಿ ಸರಿಪಡಿಸಬಹುದಾದಾಗ ಹೊಸ ಕಾರು ಕೊಡಿಸುವ ಅಗತ್ಯವಿಲ್ಲ ಎಂಬ ನಿಲುವನ್ನು ಅದೇ ನ್ಯಾಯಾಲಯ 2006ರಲ್ಲೇ ತಳೆದಿದೆ. ಬೇಡಿಕೆ ಕೊರತೆಯ ತೂಕಕ್ಕೆ ತಕ್ಕಂತಿದ್ದರೆ ದೂರು ಗಟ್ಟಿಯಾಗಿ ನಿಲ್ಲುತ್ತದೆ.

ಇಂಥ ದೂರುಗಳಿಗೆ ಒಂದು ಅನುಕೂಲವಿದೆ. ಎಂಜಿನ್ ದೋಷವೆಂದರೆ ತಜ್ಞರ ವರದಿ ಬೇಕು, ವರ್ಷಗಳು ಎಳೆಯುತ್ತವೆ. ಇಲ್ಲದಿರುವ ಕ್ಯಾಮೆರಾಕ್ಕೆ ತಜ್ಞರು ಬೇಕಿಲ್ಲ. ಕೈಪಿಡಿ, ಬುಕಿಂಗ್ ಫಾರ್ಮ್, ಬಿಲ್ ಮತ್ತು ಫೋಟೊ ಸಾಕು. ಮೊದಲು ಇ-ಮೇಲ್, ಉತ್ತರ ಬಾರದಿದ್ದರೆ 15 ದಿನಗಳ ಗಡುವು ಕೊಟ್ಟು ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್, ನಡುವೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ಪ್ರಕರಣಗಳು ಇಲ್ಲಿಗೇ ಬಗೆಹರಿಯುತ್ತವೆ. ಬಗೆಹರಿಯದಿದ್ದರೆ, ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಡೀಲರ್ ಬೆಂಗಳೂರಿನಲ್ಲಿದ್ದು ನೀವು ಹಾವೇರಿಯಲ್ಲಿದ್ದರೆ ಹಾವೇರಿಯಲ್ಲೇ. ಶುಲ್ಕ 10ರಿಂದ 20 ಲಕ್ಷದ ಕಾರಿಗೆ 400 ರೂಪಾಯಿ, 5 ಲಕ್ಷದೊಳಗಿನದಕ್ಕೆ ಏನೂ ಇಲ್ಲ. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಕಾಲಮಿತಿ ಎರಡು ವರ್ಷ. ಅಷ್ಟಿದೆಯಲ್ಲ ಎಂದು ಸುಮ್ಮನಿದ್ದರೆ ಮಾತ್ರ ನಿಮ್ಮ ಮೌನವೇ ನಿಮ್ಮ ವಿರುದ್ಧದ ಸಾಕ್ಷ್ಯವಾಗುತ್ತದೆ.

ದೂರು ನಡೆಯುತ್ತಿರುವಾಗ ಸಾಲದ ಕಂತು ನಿಲ್ಲಿಸಬೇಡಿ. ಸಿಟ್ಟಿನಲ್ಲಿ ಹಾಗೆ ಮಾಡುವವರಿದ್ದಾರೆ. ಬ್ಯಾಂಕು ನಿಮಗೆ ಹಣ ಕೊಟ್ಟಿದೆ, ಕಾರಿನ ಕೊರತೆಗೂ ಅದಕ್ಕೂ ಸಂಬಂಧವಿಲ್ಲ. ಕಂತು ತಪ್ಪಿದರೆ ಕ್ರೆಡಿಟ್ ಸ್ಕೋರ್ ಬೀಳುತ್ತದೆ, ಗಾಡಿ ಜಪ್ತಿಗೂ ಬರಬಹುದು. ಕಾರು ಬದಲಿಸಿಕೊಡಿ ಎಂದು ಕೇಳುತ್ತಿದ್ದರೆ ಓಡಾಟವನ್ನು ತೀರಾ ಅಗತ್ಯಕ್ಕೆ ಸೀಮಿತಗೊಳಿಸಿ, ನೋಟಿಸ್ ಕೊಟ್ಟ ದಿನದ ಓಡೋಮೀಟರ್ ಚಿತ್ರ ಇಟ್ಟುಕೊಳ್ಳಿ. ಬೆಲೆಯ ಅಂತರ ಮಾತ್ರ ಕೇಳುತ್ತಿದ್ದರೆ ನಿಶ್ಚಿಂತೆಯಿಂದ ಓಡಿಸಿ, ಸರ್ವಿಸ್‌ಗಳನ್ನು ತಪ್ಪದೆ ಮಾಡಿಸಿ.