ಕಪ್ಪು ಸ್ಟೌಟ್‌ಗೆ ಅಂಕ ಕೊಡುವ ಮುಂಚೆ ಗ್ಲಾಸ್ ಬೆಚ್ಚಗಾಗಲಿ

ಕಡುಕಪ್ಪು ಬಣ್ಣದ, ಆಲ್ಕೋಹಾಲ್ ಜಾಸ್ತಿ ಇರುವ ಬಿಯರ್ ಇಂಪೀರಿಯಲ್ ಸ್ಟೌಟ್. ಅದರ ಹೆಸರೆತ್ತಿದ ತಕ್ಷಣ ಜನ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಪರ್ಸೆಂಟ್?’ ಅದರ ಉತ್ತರ ಬಾಟಲಿ ಮೇಲೇ ಅಚ್ಚಾಗಿರುತ್ತದೆ. ಅದನ್ನು ಹೇಳೋಕೆ ಜಡ್ಜ್ ಬೇಕಾಗಿಲ್ಲ. ಬಿಯರ್ ಮಾಡುವುದು, ಸ್ಪರ್ಧೆಗಳಲ್ಲಿ ಬೇರೆಯವರ ಬಿಯರ್ ಕುಡಿದು ಅಂಕ ಬರೆಯುವುದು ನನ್ನ ಕೆಲಸ. ಈ ಕೆಲಸದಲ್ಲಿ ನನಗೆ ತುಂಬಾ ಬೇಸರ ತರಿಸುವುದು ಒಂದೇ. ಅಷ್ಟೊಂದು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸುರಿದು, ತಿಂಗಳುಗಟ್ಟಲೆ ಕಾದು ಮಾಡಿದ ಬಿಯರನ್ನು ಫ್ರಿಜ್‌ನಿಂದ ತೆಗೆದು, ಎರಡು ಗುಟುಕು ಕುಡಿದು, ‘ಸಖತ್ ಥಿಕ್ ಇದೆ, ಸೂಪರ್’ ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಮಂದ ಇದ್ದಷ್ಟೂ, ಸಿಹಿ ಇದ್ದಷ್ಟೂ, ಕಿಕ್ ಇದ್ದಷ್ಟೂ ಮಾರ್ಕ್ಸ್ ಜಾಸ್ತಿ.

ನಾನು ಇದನ್ನು ಒಪ್ಪುವುದಿಲ್ಲ. ಈ ಬಿಯರ್‌ನಲ್ಲಿ ಹುರಿದ ರುಚಿ, ಸಿಹಿ, ಕಹಿ, ಆಲ್ಕೋಹಾಲ್ ನಾಲ್ಕೂ ಜೋರಾಗಿರುತ್ತವೆ. ತಣ್ಣಗಿದ್ದಾಗ ನಾಲ್ಕೂ ಸುಮ್ಮನೆ ಕೂತಿರುತ್ತವೆ. ಗ್ಲಾಸ್ ಬೆಚ್ಚಗಾದಾಗ ಒಂದೊಂದೇ ತಲೆ ಎತ್ತುತ್ತವೆ. ಆಗಲೂ ಯಾವುದೂ ಇನ್ನೊಂದನ್ನು ತಳ್ಳದೆ ಇದ್ದರೆ ಅದು ಒಳ್ಳೆ ಸ್ಟೌಟ್.

ಈ ಬಿಯರ್‌ನ ಊರು ಲಂಡನ್. ಥೇಮ್ಸ್ ನದಿಯ ದಕ್ಷಿಣ ದಡದ ಸದರ್ಕ್‌ನಲ್ಲಿ ಹೆನ್ರಿ ಥ್ರೇಲ್ ಅವರ ಆ್ಯಂಕರ್ ಬ್ರೂವರಿ ಇತ್ತು. 18ನೇ ಶತಮಾನದಲ್ಲಿ ಅಲ್ಲಿಂದ ಪೋರ್ಟರ್ ಅನ್ನೋ ಗಾಢ ಬಣ್ಣದ ಬಿಯರ್, ಅದೂ ಜೋರಾದದ್ದು, ಹಡಗು ಹತ್ತಿ ರಷ್ಯಾಗೆ, ಮಹಾರಾಣಿ ಕ್ಯಾಥರಿನ್ ಅವರ ಆಸ್ಥಾನಕ್ಕೆ ಹೋಗುತ್ತಿತ್ತು. ‘ಇಂಪೀರಿಯಲ್’ ಅನ್ನೋ ಹೆಸರು ಬಂದದ್ದು ಆ ಕಡೆಯಿಂದಲೇ. 1781ರಲ್ಲಿ ಥ್ರೇಲ್ ತೀರಿಕೊಂಡ ಮೇಲೆ ಬ್ರೂವರಿ ಬಾರ್‌ಕ್ಲೇ ಪರ್ಕಿನ್ಸ್ ಕಂಪನಿಯ ಕೈಗೆ ಬಂತು. ಆದರೆ ಇವತ್ತು ನಾವು ನೋಡುವ ಕಡುಕಪ್ಪು ಬಣ್ಣದ ಹಿಂದೆ ಇನ್ನೊಬ್ಬರಿದ್ದಾರೆ. 1817ರಲ್ಲಿ ಡೇನಿಯಲ್ ವೀಲರ್ ಅನ್ನುವವರು ಕಾಫಿ ಹುರಿಯುವ ಯಂತ್ರದ ಥರದ ತಿರುಗುವ ಡ್ರಮ್‌ನಲ್ಲಿ ಮಾಲ್ಟ್ ಹುರಿಯುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡರು. ಅಲ್ಲಿಂದ ಮುಂದೆ ಸ್ವಲ್ಪವೇ ಕಪ್ಪು ಮಾಲ್ಟ್ ಹಾಕಿದರೂ ಇಡೀ ಬಿಯರ್ ಕಪ್ಪಾಗತೊಡಗಿತು. ಇಷ್ಟನ್ನು ಹೇಳೋಕೆ ಕಾರಣ ಇದೆ. ಕಪ್ಪು ಬಣ್ಣ ಬರಿಸುವುದು ಸುಲಭ. ಅದಕ್ಕೆ ಯಾರೂ ಮಾರುಹೋಗಬೇಕಿಲ್ಲ.

ಸ್ಕೋರ್‌ಶೀಟ್ ಕೂಡ ಅದನ್ನೇ ಹೇಳುತ್ತದೆ. ಬಿಯರ್ ಸ್ಪರ್ಧೆಗಳಲ್ಲಿ ಹೆಚ್ಚಾಗಿ ಬಳಸುವುದು ಅಮೆರಿಕದಲ್ಲಿ 1985ರಲ್ಲಿ ಶುರುವಾದ, ಬಿಯರ್ ಜಡ್ಜ್‌ಗಳಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಬಿಜೆಸಿಪಿ ಸಂಸ್ಥೆಯ ಶೀಟ್. ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ ಬರೀ 3, ರುಚಿಗೆ 20, ಬಾಯಲ್ಲಿ ಹೇಗೆ ಕೂರುತ್ತದೆ ಅನ್ನೋದಕ್ಕೆ 5, ಒಟ್ಟು ಅನುಭವಕ್ಕೆ 10. ನೊರೆಯ ಫೋಟೋ ತೆಗೆಯೋಕೆ ಹತ್ತು ನಿಮಿಷ ಕಳೆಯುವವರು ಆ ಮೂರು ಅಂಕವನ್ನು ನೆನಪಿಟ್ಟುಕೊಳ್ಳಿ. ಅದೇ ಸಂಸ್ಥೆಯ ಮಾರ್ಗಸೂಚಿಯಲ್ಲಿ ಇಂಪೀರಿಯಲ್ ಸ್ಟೌಟ್‌ಗೆ ಶೇ 8ರಿಂದ 12 ಆಲ್ಕೋಹಾಲ್, 50ರಿಂದ 90 ಐಬಿಯು (ಬಿಯರ್‌ನ ಕಹಿ ಅಳೆಯುವ ಮಾನ) ಕಹಿ ಅಂತ ಇದೆ. ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರ್ಯಾಗ್ ಊರಿನ ನಾರ್ತ್ ಕೋಸ್ಟ್ ಬ್ರೂವರಿ ಮಾಡುವ ಓಲ್ಡ್ ರಾಸ್ಪುಟಿನ್ ಈ ಬಗೆಗೆ ಒಳ್ಳೆ ಅಳತೆಗೋಲು. ಶೇ 9 ಆಲ್ಕೋಹಾಲ್, 75 ಐಬಿಯು. ನಮ್ಮಲ್ಲಿ ಬಿಯರ್‌ಗೆ ಶೇ 8ರ ಮಿತಿ ಇರುವುದರಿಂದ ಬೆಂಗಳೂರಿನ ಮೈಕ್ರೋಬ್ರೂವರಿಗಳ ದೊಡ್ಡ ಸ್ಟೌಟ್‌ಗಳು ಈ ಬಗೆಯ ಕೆಳಗಿನ ಅಂಚಿನಲ್ಲೇ ನಿಲ್ಲಬೇಕಾಗುತ್ತದೆ. ಅದೇನೂ ಕೊರತೆ ಅಲ್ಲ. ಶೇ 8ರಲ್ಲೂ ತುಂಬಾ ಚೆನ್ನಾಗಿರೋ ಸ್ಟೌಟ್ ಮಾಡಬಹುದು.

ಈಗ ಗ್ಲಾಸ್‌ಗೆ ಬರೋಣ. ಪೈಂಟ್ ಗ್ಲಾಸ್ ಬೇಡ. ಕೆಳಗೆ ಅಗಲ, ಮೇಲೆ ಬಾಯಿ ಕಿರಿದಾಗಿರುವ ಟ್ಯೂಲಿಪ್ ಗ್ಲಾಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ವೈನ್ ಗ್ಲಾಸ್ ಸಾಕು. ನೂರು ಎಂಎಲ್ ಹಾಕಿ, ಅದಕ್ಕಿಂತ ಜಾಸ್ತಿ ಬೇಡ, ಮೇಲಿನ ಖಾಲಿ ಜಾಗದಲ್ಲೇ ವಾಸನೆ ನಿಲ್ಲಬೇಕು. ಫ್ರಿಜ್‌ನ ಬಿಯರ್ 4 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಈ ಸ್ಟೌಟ್ ಬಾಯಿ ಬಿಡುವುದು 10ರಿಂದ 13 ಡಿಗ್ರಿಯಲ್ಲಿ. ಹಾಕಿದ ಕೂಡಲೇ ಒಂದು ಸಲ ಮೂಸಿ ನೋಡಿ ಬರೆದುಕೊಳ್ಳಿ, ಯಾಕೆಂದರೆ ಕೆಲವು ವಾಸನೆಗಳು ಒಂದೆರಡು ನಿಮಿಷದಲ್ಲೇ ಹಾರಿಹೋಗುತ್ತವೆ. ಆಮೇಲೆ ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಕಾಯಿರಿ. ಇಪ್ಪತ್ತು ನಿಮಿಷ ಕಾದರೂ ತಪ್ಪಿಲ್ಲ.

ನೋಟದ ವಿಷಯ ಬೇಗ ಮುಗಿಸುತ್ತೇನೆ. ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಗಾಢ ಕೆಂಪು ಕಂಡರೂ ಸರಿ, ಪೂರ್ತಿ ಕಪ್ಪಾದರೂ ಸರಿ. ನೊರೆ ಕಂದು ಬಣ್ಣಕ್ಕಿರಬೇಕು. ಆಲ್ಕೋಹಾಲ್ ಜಾಸ್ತಿ ಇರುವ ಬಿಯರ್‌ನಲ್ಲಿ ನೊರೆ ಬೇಗ ಇಳಿದುಹೋಗುವುದು ಸಹಜ, ಅದಕ್ಕೆ ಅಂಕ ಕತ್ತರಿಸಬೇಡಿ.

ಪರಿಮಳದ ಹತ್ತಿರ ನಿಧಾನ ಮಾಡಿ. ಒಳ್ಳೆ ಸ್ಟೌಟ್‌ನಲ್ಲಿ ಡಿಕಾಕ್ಷನ್, ಕಹಿ ಚಾಕೊಲೇಟ್, ಒಣದ್ರಾಕ್ಷಿ, ಖರ್ಜೂರ, ಒಮ್ಮೊಮ್ಮೆ ಕರಿಬೆಲ್ಲದ ಪಾಕದ ವಾಸನೆ ಬರುತ್ತದೆ. ಬಿಯರ್‌ಗೆ ಕಾಫಿಯನ್ನಾಗಲಿ ಚಾಕೊಲೇಟನ್ನಾಗಲಿ ಹಾಕಿರಲೇಬೇಕು ಅಂತೇನಿಲ್ಲ. ಬಾರ್ಲಿ ಹುರಿಯುವಾಗಲೂ ಕಾಫಿ ಬೀಜ ಹುರಿಯುವಾಗಲೂ ಹುಟ್ಟುವ ಎಷ್ಟೋ ವಾಸನೆಗಳು ಒಂದೇ ಜಾತಿಯವು, ಅದಕ್ಕೇ ಅಷ್ಟು ಹೋಲಿಕೆ. ಇಲ್ಲಿ ನೋಡಬೇಕಾದದ್ದು ಹುರಿದ ವಾಸನೆಗೂ ಸೀದ ವಾಸನೆಗೂ ಇರುವ ಗೆರೆ. ಹುರಿದದ್ದರಲ್ಲಿ ಸಿಹಿಯ ಎಳೆ ಉಳಿದಿರುತ್ತದೆ. ಸೀದದ್ದರಲ್ಲಿ ಬೂದಿ, ಇದ್ದಿಲು, ಸಿಗರೇಟು ಆರಿಸಿದ ಆ್ಯಶ್‌ಟ್ರೇ ನೆನಪಾಗುತ್ತದೆ. ಎಷ್ಟೋ ಜನ ಎರಡನ್ನೂ ಸೇರಿಸಿ ‘ಸ್ಟ್ರಾಂಗ್ ರೋಸ್ಟ್’ ಅಂತ ಬರೆದು ಅಂಕ ಕೊಟ್ಟುಬಿಡುತ್ತಾರೆ.

ಕಪ್ಪು ಬಿಯರ್ ತಪ್ಪುಗಳನ್ನು ಚೆನ್ನಾಗಿ ಮುಚ್ಚಿಡುತ್ತದೆ. ಬೆಣ್ಣೆ ವಾಸನೆಯನ್ನೇ ತೆಗೆದುಕೊಳ್ಳಿ. ಯೀಸ್ಟ್ ತನ್ನ ಕೆಲಸ ಮುಗಿಸುವ ಮುಂಚೆಯೇ ಬಿಯರ್ ತಣ್ಣಗೆ ಮಾಡಿದರೆ ಆ ವಾಸನೆ ಕೊಡುವ ಡೈಅಸಿಟೈಲ್ ಅನ್ನೋ ರಾಸಾಯನಿಕ ಉಳಿದುಬಿಡುತ್ತದೆ. ತೆಳು ಬಣ್ಣದ, ಹಗುರ ರುಚಿಯ ಲೈಟ್ ಲಾಗರ್ ಬಿಯರ್‌ನಲ್ಲಿ ಅದು ಮೊದಲ ಗುಟುಕಿಗೇ ಸಿಕ್ಕಿಬೀಳುತ್ತದೆ. ಸ್ಟೌಟ್‌ನಲ್ಲಿ, ಅದೂ ತಣ್ಣಗಿದ್ದಾಗ, ಟಾಫಿ ಅಂದುಕೊಂಡು ಖುಷಿಪಡುತ್ತೇವೆ. ಬಿಯರ್ ಬೆಚ್ಚಗಾದಂತೆ ಆ ಟಾಫಿ ಹೋಗಿ ಪಾಪ್‌ಕಾರ್ನ್ ಮೇಲೆ ಸುರಿದ ನಕಲಿ ಬೆಣ್ಣೆ ಮೂಗಿಗೆ ಹೊಡೆಯುತ್ತದೆ, ನಾಲಿಗೆ ಮೇಲೆ ಜಿಡ್ಡು ಕೂರುತ್ತದೆ. ಹಾಗೇ ಸೋಯಾ ಸಾಸ್. ಸತ್ತ ಯೀಸ್ಟ್ ಮೇಲೆ ಬಿಯರ್ ತುಂಬಾ ದಿನ ಕೂತರೆ ಈ ವಾಸನೆ ಬರುತ್ತದೆ. ಸ್ವಲ್ಪ ಇದ್ದರೆ ‘ಆಹಾ, ಎಷ್ಟು ಆಳ’ ಅನ್ನಿಸಬಹುದು, ಜಾಸ್ತಿಯಾದರೆ ಗೋಬಿ ಮಂಚೂರಿ ಗಾಡಿ ಪಕ್ಕ ನಿಂತ ಹಾಗಾಗುತ್ತದೆ.

ಕಾಫಿ ಸ್ಟೌಟ್ ಬಗ್ಗೆ ಇನ್ನೊಂದು ಮಾತು. ಚಿಕ್ಕಮಗಳೂರು, ಕೊಡಗಿನ ಕಾಫಿ ಹತ್ತಿರದಲ್ಲೇ ಸಿಗುವುದರಿಂದ ನಮ್ಮ ಬ್ರೂವರ್‌ಗಳಿಗೆ ಅದನ್ನು ಸ್ಟೌಟ್‌ಗೆ ಹಾಕುವ ಆಸೆ ಬರುವುದು ಸಹಜ. ಹಾಕಲಿ, ನನಗೂ ಇಷ್ಟ. ಆದರೆ ಕಾಫಿ ಹಾಕಿದ ಬಿಯರ್ ಕೆಲವು ಸಲ ಹಸಿ ದೊಡ್ಡ ಮೆಣಸಿನಕಾಯಿಯ ವಾಸನೆ ಬರಿಸುತ್ತದೆ. ಒಮ್ಮೆ ಮೂಗು ಅದನ್ನು ಗುರುತಿಸಿದರೆ ಮತ್ತೆ ಮರೆಯುವುದಿಲ್ಲ. ಅದು ಸಿಕ್ಕಿದರೆ ಶೀಟ್‌ನಲ್ಲಿ ಬರೆಯಿರಿ, ಬ್ರೂವರ್‌ಗೆ ತುಂಬಾ ಉಪಯೋಗ ಆಗುತ್ತದೆ.

ಇನ್ನು ಕುಡಿಯುವುದು. ವೈನ್ ಜಡ್ಜ್‌ಗಳ ಹಾಗೆ ನಾವು ಉಗುಳುವುದಿಲ್ಲ, ನುಂಗುತ್ತೇವೆ. ಸಣ್ಣ ಗುಟುಕು ತೆಗೆದುಕೊಂಡು ಬಾಯಿ ತುಂಬಾ ಆಡಿಸಿ, ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಅರ್ಧ ರುಚಿ ಗೊತ್ತಾಗುವುದೇ ಆ ಉಸಿರಿನಲ್ಲಿ. ಆಮೇಲೆ ಒಂದು ನಿಮಿಷ ಏನನ್ನೂ ಕುಡಿಯಬೇಡಿ. ಬಾಯಲ್ಲಿ ಕೊನೆಗೆ ಏನು ಉಳಿಯಿತು ಅಂತ ಗಮನಿಸಿ.

ಅಲ್ಲಿ ಉಳಿಯುವುದು ಕಹಿಯಾ, ಒಗರಾ? ಎರಡನ್ನೂ ಬೇರೆ ಮಾಡಿ ನೋಡಲೇಬೇಕು. ಹಾಪ್ಸ್ ಅನ್ನೋ ಬಳ್ಳಿಯ ಹೂವಿನಿಂದ ಬರುವ ಕಹಿ, ಹುರಿದ ಧಾನ್ಯದಿಂದ ಬರುವ ಕಹಿ ನಾಲಿಗೆಯ ವಿಷಯ, ಈ ಬಿಯರ್‌ಗೆ ಅವು ಬೇಕು, ಇಲ್ಲದಿದ್ದರೆ ಸಿಹಿ ತಡೆಯೋಕೆ ಯಾರೂ ಇಲ್ಲ. ಒಗರು ಹಾಗಲ್ಲ. ಹಸಿ ಅಡಿಕೆ ಜಗಿದಾಗ ಕೆನ್ನೆಯ ಒಳಭಾಗ ಎಳೆದುಕೊಳ್ಳುವ ಹಾಗೆ ಬಾಯಿ ಒಣಗಿ ಹಿಡಿದುಕೊಳ್ಳುತ್ತದೆ, ನೀರು ಕುಡಿದರೂ ಬಿಡುವುದಿಲ್ಲ. ಧಾನ್ಯದ ಸಿಪ್ಪೆಯಿಂದ ಟ್ಯಾನಿನ್ ಅನ್ನೋ ಒಗರು ಅಂಶ ಇಳಿದಾಗ, ಕಪ್ಪು ಮಾಲ್ಟ್ ಜಾಸ್ತಿ ಹೊತ್ತು ಬಿಸಿನೀರಲ್ಲಿ ನೆನೆದಾಗ ಇದು ಬರುತ್ತದೆ. ನೀರಿಗೂ ಇಲ್ಲಿ ಕೈ ಇದೆ. ಕಪ್ಪು ಮಾಲ್ಟ್ ಹುಳಿ ಸ್ವಭಾವದ್ದು, ನೀರಿನ ಬೈಕಾರ್ಬನೇಟ್ ಆ ಹುಳಿಯನ್ನು ಸಮ ಮಾಡುತ್ತದೆ. ಲಂಡನ್, ಡಬ್ಲಿನ್‌ನಂಥ ಗಡುಸು ನೀರಿನ ಊರುಗಳಲ್ಲಿ ಕಪ್ಪು ಬಿಯರ್ ಚೆನ್ನಾಗಿ ಬಂದದ್ದಕ್ಕೆ ಅದೂ ಒಂದು ಕಾರಣ. ಆರ್‌ಒ ನೀರನ್ನು ಹಾಗೇ ಬಳಸಿ, ಏನೂ ಸರಿಮಾಡದೆ, ರಾಶಿ ಕಪ್ಪು ಮಾಲ್ಟ್ ಹಾಕಿದರೆ ಬಿಯರ್‌ನಲ್ಲಿ ಚುರುಕು ಹುಳಿ ಎದ್ದು ಕಾಣುತ್ತದೆ. ಕಾಫಿಯಲ್ಲಿರುವಷ್ಟು ಹುಳಿ ಇದ್ದರೆ ಸರಿ, ಮೊಸರು ಅಥವಾ ವಿನೆಗರ್ ನೆನಪಾದರೆ ಅದು ಬ್ಯಾಕ್ಟೀರಿಯಾದ ಕೆಲಸ.

ಆಲ್ಕೋಹಾಲ್ ವಿಷಯಕ್ಕೆ ಬಂದರೆ, ಎದೆಯಲ್ಲಿ ಮೆಲ್ಲಗೆ ಬೆಚ್ಚಗಾಗಬೇಕು. ಗಂಟಲು ಉರಿಯಬಾರದು. ನೇಲ್ ಪಾಲಿಶ್ ರಿಮೂವರ್ ವಾಸನೆ ಬರಲೇಬಾರದು. ಇಷ್ಟು ಸಕ್ಕರೆ ತುಂಬಿದ ದ್ರವದಲ್ಲಿ ಯೀಸ್ಟ್‌ಗೆ ಕೆಲಸ ಭಾರಿ. ಸಾಕಷ್ಟು ಯೀಸ್ಟ್ ಹಾಕದೆ, ಶುರುವಿನಲ್ಲಿ ಆಮ್ಲಜನಕ ಕೊಡದೆ, ಟ್ಯಾಂಕ್ ಬಿಸಿಯಾಗೋಕೆ ಬಿಟ್ಟರೆ ಆ ಉರಿ ಹುಟ್ಟುತ್ತದೆ. ನಮ್ಮ ಕಡೆ ‘ಸ್ಟ್ರಾಂಗ್ ಬಿಯರ್’ ಕುಡಿದು ಅಭ್ಯಾಸ ಇರುವವರಿಗೆ ಈ ಉರಿಯೇ ಗುಣ ಅನ್ನಿಸುತ್ತದೆ. ನಾನು ನೇರವಾಗಿ ಹೇಳುತ್ತೇನೆ, ಶೇ 9 ಇರುವ ಸ್ಟೌಟ್ ಕುಡಿಯುವಾಗ ಶೇ 6 ಅನ್ನಿಸಿದರೆ ಆ ಬ್ರೂವರ್‌ಗೆ ನನ್ನ ಕಡೆಯಿಂದ ಅಂಕ ಜಾಸ್ತಿ.

ಸಿಹಿಯ ಬಗ್ಗೆ ಜಗಳ ಯಾವಾಗಲೂ ಇದ್ದದ್ದೇ. ಲ್ಯಾಕ್ಟೋಸ್, ವೆನಿಲಾ, ತೆಂಗಿನಕಾಯಿ, ಕುಕ್ಕೀಸ್ ಹಾಕಿದ ಪೇಸ್ಟ್ರಿ ಸ್ಟೌಟ್‌ಗಳನ್ನು ಅವುಗಳ ಜಾಗದಲ್ಲಿಟ್ಟು ನೋಡಬೇಕು, ಆದರೆ ಸಿಹಿ ಮುಗಿದ ಮೇಲೆ ಅಡಿಯಲ್ಲಿ ಬಿಯರ್ ಇದೆಯಾ ಅನ್ನುವುದು ಅಲ್ಲೂ ಮುಖ್ಯ. ಬರ್ಬನ್ ಬ್ಯಾರಲ್‌ನಲ್ಲಿ ಮಲಗಿಸಿದ ಸ್ಟೌಟ್‌ಗೂ ಇದೇ ಮಾತು. ಓಕ್ ಮರದಿಂದ ವೆನಿಲಾ, ತೆಂಗಿನ ವಾಸನೆ ಬರುತ್ತದೆ, ಚೆಂದ, ಆದರೆ ಗ್ಲಾಸ್‌ನಲ್ಲಿ ಬರೀ ವಿಸ್ಕಿ ಮತ್ತು ಮರ ಸಿಕ್ಕಿದರೆ ನಾನು ಸ್ಟೌಟ್ ಎಲ್ಲಿ ಅಂತ ಕೇಳುತ್ತೇನೆ. ಶ್ರೀಲಂಕಾದ ಲಯನ್ ಸ್ಟೌಟ್ ಸಿಕ್ಕಿದರೆ ಓಲ್ಡ್ ರಾಸ್ಪುಟಿನ್ ಪಕ್ಕ ಇಟ್ಟು ಕುಡಿದು ನೋಡಿ. ಅದರಲ್ಲೂ ಶೇ 8.8 ಆಲ್ಕೋಹಾಲ್ ಇದೆ, ಅಂದರೆ ಹೆಚ್ಚುಕಮ್ಮಿ ಒಂದೇ. ಆದರೆ ಅದು ಟ್ರಾಪಿಕಲ್ ಸ್ಟೌಟ್, ಸಿಹಿ ಮುಂದೆ, ಕಹಿ ಹಿಂದೆ, ನುಣುಪು ಜಾಸ್ತಿ. ಒಂದರ ಅಳತೆಯಲ್ಲಿ ಇನ್ನೊಂದಕ್ಕೆ ಅಂಕ ಕೊಟ್ಟರೆ ಎರಡಕ್ಕೂ ಅನ್ಯಾಯ.

ಜಡ್ಜ್‌ಗಳ ಟೇಬಲ್‌ನಲ್ಲಿ ನಡೆಯುವ ಒಂದು ದೊಡ್ಡ ಅನ್ಯಾಯದ ಬಗ್ಗೆ ಹೇಳಲೇಬೇಕು. ಒಂದು ಸುತ್ತಿನಲ್ಲಿ ಐದಾರು ಇಂಪೀರಿಯಲ್ ಸ್ಟೌಟ್ ಬಂದರೆ ಮೂರನೆಯದರ ಹೊತ್ತಿಗೆ ನಾಲಿಗೆ ಸುಸ್ತಾಗಿರುತ್ತದೆ. ಆಮೇಲೆ ಬರುವುದರಲ್ಲಿ ಯಾವುದು ಜಾಸ್ತಿ ಕೂಗುತ್ತದೋ ಅದು ಮಾತ್ರ ಕೇಳಿಸುತ್ತದೆ, ಮೊದಲು ಬಂದ ಮೆಲುದನಿಯ ಒಳ್ಳೆ ಬಿಯರ್ ಮರೆತೇ ಹೋಗುತ್ತದೆ. ಅದಕ್ಕೆ ನಾನು ಪ್ರತಿ ಗ್ಲಾಸ್‌ನಲ್ಲೂ ಸ್ವಲ್ಪ ಉಳಿಸಿಕೊಂಡು, ನೀರು ಕುಡಿದು, ಸಪ್ಪೆ ಬ್ರೆಡ್ ತಿಂದು, ಮೊದಲಿನಿಂದ ಮತ್ತೆ ಮೂಸುತ್ತೇನೆ. ಅಷ್ಟರಲ್ಲಿ ಎಲ್ಲವೂ ಬೆಚ್ಚಗಾಗಿರುತ್ತವೆ. ಎಷ್ಟೋ ಸಲ ಆಗ ಅಂಕಗಳು ತಿರುಗುಮುರುಗಾಗುತ್ತವೆ. ಮೊದಲು ಅಬ್ಬರಿಸಿದ್ದು ಸಿರಪ್ ಆಗಿ ಅಂಟಿಕೊಂಡಿರುತ್ತದೆ, ಸಾಧಾರಣ ಅಂದುಕೊಂಡದ್ದು ಅರಳಿರುತ್ತದೆ.

ಮನೆಯಲ್ಲೋ ಪಬ್‌ನಲ್ಲೋ ರುಚಿ ನೋಡುವವರು ಚಿಲ್ಲಿ ಚಿಕನ್ ಪಕ್ಕಕ್ಕಿಡಿ. ಖಾರ ಬಾಯಲ್ಲಿದ್ದರೆ ಆಲ್ಕೋಹಾಲ್‌ನ ಉರಿ ದುಪ್ಪಟ್ಟು ಅನ್ನಿಸುತ್ತದೆ, ಬಿಯರ್ ಪಾಪ ಮಾಡದ ತಪ್ಪಿಗೆ ಬೈಸಿಕೊಳ್ಳುತ್ತದೆ. ಎಲೆ ಅಡಿಕೆ, ಸಿಗರೇಟು, ಸೆಂಟು, ಪಕ್ಕದಲ್ಲಿ ಉರಿಯುವ ಊದುಬತ್ತಿ ಯಾವುದೂ ಬೇಡ. ಬಾಟಲಿ ಕೊಳ್ಳುವಾಗ ತಯಾರಾದ ತಾರೀಖು ನೋಡಿ. ಈ ಬಿಯರ್ ವರ್ಷಗಟ್ಟಲೆ ಇಡಬಹುದು ಅನ್ನೋದು ನಿಜ, ಆದರೆ ತಣ್ಣನೆ ಕತ್ತಲೆ ಜಾಗದಲ್ಲಿ ಇಟ್ಟರೆ ಮಾತ್ರ. ಏಪ್ರಿಲ್ ಬಿಸಿಲಲ್ಲಿ ಅಂಗಡಿ ಶೆಲ್ಫ್ ಮೇಲೆ ಬೆಂದ ಬಾಟಲಿಗೆ ವಯಸ್ಸಾಗುವುದು ಬೇರೆ ಥರ, ಒದ್ದೆ ರಟ್ಟಿನ ವಾಸನೆ ಬರುತ್ತದೆ.

ಕೊನೆಗೆ ಶೀಟ್ ತುಂಬುವುದು. 38 ಅಂಕ ದಾಟಿದರೆ ಅದು ಅತ್ಯುತ್ತಮ ಬಿಯರ್‌ಗಳ ಸಾಲಿಗೆ ಸೇರುತ್ತದೆ, ಅದನ್ನು ಧಾರಾಳವಾಗಿ ಹಂಚಬೇಡಿ, ಅರ್ಹತೆ ಇದ್ದಾಗ ಜಿಪುಣತನವನ್ನೂ ಮಾಡಬೇಡಿ. ಪಕ್ಕದ ಜಡ್ಜ್ ಬರೆದು ಮುಗಿಸುವವರೆಗೆ ಮುಖದಲ್ಲೂ ಏನನ್ನೂ ತೋರಿಸಬೇಡಿ, ನಿಮ್ಮ ಮುಖ ನೋಡಿ ಅವರ ಅಂಕ ಬದಲಾಗುತ್ತದೆ. ಆಮೇಲೆ ಮಾತಾಡಿ, ಅಂಕಗಳು ದೂರ ಇದ್ದರೆ ಮತ್ತೆ ಕುಡಿಯಿರಿ. ಬರೆಯುವಾಗ ‘ಚೆನ್ನಾಗಿದೆ, ಇನ್ನೂ ಸುಧಾರಿಸಬಹುದು’ ಅಂತ ಬರೆದರೆ ಬ್ರೂವರ್‌ಗೆ ಏನೂ ಸಿಗುವುದಿಲ್ಲ. ‘ಬೆಚ್ಚಗಾದ ಮೇಲೆ ಬೆಣ್ಣೆ ವಾಸನೆ ಬಂತು, ತಣ್ಣಗೆ ಮಾಡುವ ಮುಂಚೆ ಯೀಸ್ಟ್‌ಗೆ ಇನ್ನೆರಡು ದಿನ ಕೊಡಿ’ ಅಂತ ಬರೆಯಿರಿ. ‘ಕೊನೆಯಲ್ಲಿ ಒಗರು, ಕಪ್ಪು ಮಾಲ್ಟನ್ನು ಮ್ಯಾಶ್‌ನ (ಮಾಲ್ಟನ್ನು ಬಿಸಿನೀರಲ್ಲಿ ನೆನೆಸುವ ಹಂತ) ಕೊನೆಯ ಹತ್ತು ನಿಮಿಷಕ್ಕೆ ಹಾಕಿ ನೋಡಿ, ಇಲ್ಲವೇ ತಣ್ಣೀರಲ್ಲಿ ಬೇರೆ ನೆನೆಸಿ ಸೇರಿಸಿ’ ಅಂತ ಬರೆಯಿರಿ.