2 ಡಿಗ್ರಿ ಏರಿದರೆ 35.6 ಏರುತ್ತದಾ?

ರಾಯಚೂರಿನಲ್ಲಿ ಬೇಸಿಗೆ ಶುರುವಾದ್ರೆ ವಾಟ್ಸಾಪ್‌ನಲ್ಲಿ ಈ ಲೆಕ್ಕವೂ ಶುರು: ‘ಬಿಸಿಲು 2 ಡಿಗ್ರಿ ಸೆಲ್ಸಿಯಸ್, ಅಂದರೆ 35.6 ಫ್ಯಾರನ್‌ಹೀಟ್ ಏರಲಿದೆ.’ ಅಷ್ಟು ಏರಿದರೆ 40 ಇದ್ದದ್ದು ಹತ್ತಿರ ಹತ್ತಿರ 60 ಸೆಲ್ಸಿಯಸ್ ಆಗಬೇಕು. ನಮ್ಮ ಬಿಸಿಲು ಕೆಟ್ಟದ್ದು ನಿಜ, ಅಷ್ಟು ಕೆಟ್ಟದ್ದಲ್ಲ.

‘9ರಿಂದ ಗುಣಿಸು, 5ರಿಂದ ಭಾಗಿಸು, 32 ಕೂಡಿಸು’ ಎಂಬ ಬಾಯಿಪಾಠ ಎಲ್ಲರಿಗೂ ನೆನಪಿದೆ. ಆ 32 ಯಾಕೆ ಅನ್ನೋದು ಮರೆತುಹೋಗಿದೆ. ನೀರು ಹೆಪ್ಪುಗಟ್ಟುವಾಗ ಸೆಲ್ಸಿಯಸ್ 0 ಅನ್ನುತ್ತದೆ, ಫ್ಯಾರನ್‌ಹೀಟ್ 32 ಅನ್ನುತ್ತದೆ. ಎಣಿಕೆ ಶುರುವಾಗುವ ಜಾಗವೇ ಬೇರೆ. ಅದನ್ನು ಸರಿತೂಗಿಸೋಕೆ 32. ಎಷ್ಟು ಏರಿತು, ಎಷ್ಟು ಇಳಿಯಿತು ಅನ್ನುವಾಗ ಶುರು ಎಲ್ಲಿಂದ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಬೇಕಾದ್ದು ಒಂದು ಡಿಗ್ರಿ ಎಷ್ಟು ದೊಡ್ಡದು ಎಂಬುದಷ್ಟೇ. ಹೆಪ್ಪುಗಟ್ಟುವುದರಿಂದ ಕುದಿಯುವವರೆಗೆ ಸೆಲ್ಸಿಯಸ್‌ನಲ್ಲಿ 100 ಭಾಗ, ಫ್ಯಾರನ್‌ಹೀಟ್‌ನಲ್ಲಿ 180. ಹಾಗಾಗಿ ಇಲ್ಲಿಯ ಒಂದು ಅಲ್ಲಿಯ 1.8. ಎರಡು ಏರಿದರೆ 3.6, ಮುಗಿಯಿತು. ನಂಬಿಕೆ ಬರದಿದ್ದರೆ 40 ಮತ್ತು 42 ಎರಡನ್ನೂ ಬೇರೆ ಬೇರೆ ಬದಲಿಸಿ: 104, 107.6. ಈಗ ಕಳೆಯಿರಿ.

ಜ್ವರದಲ್ಲೂ ಇದೇ ಗೋಳು. ‘ಡಾಕ್ಟ್ರೇ, 2 ಡಿಗ್ರಿ ಇಳಿದಿದೆ’ ಅಂದರೆ ಯಾವ ಡಿಗ್ರಿ? 102ರಿಂದ 100ಕ್ಕೆ ಬಂದರೆ ಸೆಲ್ಸಿಯಸ್‌ನಲ್ಲಿ ಇಳಿದದ್ದು ಬರೀ 1.1.

ಇನ್ನು ‘20 ಇದ್ದದ್ದು 40 ಆಯ್ತು, ಬಿಸಿ ದುಪ್ಪಟ್ಟು’ ಅನ್ನುವವರು. ಅದೇ ದಿನವನ್ನು ಫ್ಯಾರನ್‌ಹೀಟ್‌ನಲ್ಲಿ ನೋಡಿದರೆ 68 ಇದ್ದದ್ದು 104. ದುಪ್ಪಟ್ಟು ಎಲ್ಲಿ ಹೋಯ್ತು? ಈ ಸೊನ್ನೆಗಳು ಮನುಷ್ಯರು ಅನುಕೂಲಕ್ಕೆ ಇಟ್ಟುಕೊಂಡವು. ಸ್ವತಃ ಸೆಲ್ಸಿಯಸ್ 1742ರಲ್ಲಿ ಕುದಿಯುವ ನೀರಿಗೆ 0, ಹೆಪ್ಪುಗಟ್ಟುವ ನೀರಿಗೆ 100 ಇಟ್ಟಿದ್ದರು! ಅದನ್ನು ತಿರುಗಿಸಿದ್ದು ಆಮೇಲೆ. ನಿಜವಾದ ತಳದಿಂದ, ಅಂದರೆ ಅದಕ್ಕಿಂತ ತಣ್ಣಗಾಗಲು ಸಾಧ್ಯವೇ ಇಲ್ಲದ ಸೆಲ್ಸಿಯಸ್‌ನ ಮೈನಸ್ 273.15ರಿಂದ, ಎಣಿಸುವುದು ಕೆಲ್ವಿನ್ ಮಾಪಕ. ಅಲ್ಲಿ ಇದು 293ರಿಂದ 313, ನೂರಕ್ಕೆ ಏಳರಷ್ಟು ಏರಿಕೆ. (‘ಡಿಗ್ರಿ ಕೆಲ್ವಿನ್’ ಅನ್ನಬೇಡಿ. 1967ರಲ್ಲೇ ಆ ಡಿಗ್ರಿ ತೆಗೆದುಹಾಕಿದ್ದಾರೆ.)

‘ಎರಡರಿಂದ ಗುಣಿಸಿ 30 ಕೂಡಿಸಿ’ ಎಂಬ ಸುಲಭದ ದಾರಿಯೂ ಓಡಾಡುತ್ತಿದೆ. 10 ಡಿಗ್ರಿ ಚಳಿಯಿರುವ ಊರಿಗೆ ಅದು ಸರಿ. ನಮ್ಮ 42ಕ್ಕೆ ಹಾಕಿದರೆ 114 ಬರುತ್ತದೆ, ಆರಕ್ಕಿಂತ ಜಾಸ್ತಿ ತಪ್ಪು. ಅದರ ಬದಲು ದುಪ್ಪಟ್ಟು ಮಾಡಿ, ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೆದು, 32 ಕೂಡಿಸಿ. 84, 75.6, 107.6. ಕ್ಯಾಲ್ಕುಲೇಟರ್ ಬೇಡ, ಉತ್ತರವೂ ಪಕ್ಕಾ.