ಪದ ಪರಿಚಯ: ಆವಾಸಸ್ಥಾನ

ತಿನ್ನಲು ಆಹಾರ, ಕುಡಿಯಲು ನೀರು, ಅಡಗಲು ಮರೆ, ಮರಿ ಮಾಡಲು ಸುರಕ್ಷಿತ ತಾವು. ಒಂದು ಜೀವಿಗೆ ಇವೆಲ್ಲ ಸಿಗುವ ಜಾಗವೇ ಅದರ ಆವಾಸಸ್ಥಾನ. ಹ್ಯಾಬಿಟ್ಯಾಟ್ ಅನ್ನುವುದೂ ಇದನ್ನೇ. ಅಲ್ಲಿನ ಬಿಸಿಲು, ತೇವ, ಹುಲ್ಲಿನ ಎತ್ತರ, ಮಣ್ಣಿನ ಬಿಸಿ ಕೂಡ ಇದರಲ್ಲಿ ಸೇರಿವೆ. ಇದನ್ನು ಮರೆತರೆ ಜಾಗ ಹಾಗೇ ಇದ್ದರೂ ಜೀವಿ ಉಳಿಯುವುದಿಲ್ಲ.

ಬ್ರಿಟನ್ನಿನ ಲಾರ್ಜ್ ಬ್ಲೂ ಚಿಟ್ಟೆಗೆ ಆಗಿದ್ದು ಇದೇ. ಇದರ ಮರಿಹುಳು ಮೊದಲು ಕಾಡು ಥೈಮ್ ಗಿಡದ ಹೂ ತಿಂದು, ಆಮೇಲೆ ನೆಲಕ್ಕೆ ಬೀಳುತ್ತದೆ. ಒಂದು ಜಾತಿಯ ಕೆಂಪಿರುವೆ ಅದನ್ನು ತನ್ನದೇ ಮರಿ ಅಂದುಕೊಂಡು ಗೂಡಿಗೆ ಹೊತ್ತೊಯ್ಯುತ್ತದೆ. ಒಳಗೆ ಸೇರಿದ ಹುಳು ಇರುವೆಯ ಮರಿಗಳನ್ನೇ ತಿಂದು ತಿಂಗಳುಗಟ್ಟಲೆ ಬೆಳೆಯುತ್ತದೆ. ಆ ಇರುವೆಗೆ ಬೆಚ್ಚಗಿನ ನೆಲ ಬೇಕು. ನೆಲ ಬೆಚ್ಚಗಿರಬೇಕಾದರೆ ಹುಲ್ಲು ಗಿಡ್ಡವಾಗಿರಬೇಕು.

1950ರ ದಶಕದಲ್ಲಿ ರೋಗ ಬಂದು ಅಲ್ಲಿನ ಮೊಲಗಳು ಸತ್ತವು. ದನ, ಕುರಿ ಮೇಯಿಸುವುದೂ ಕಡಿಮೆಯಾಗಿತ್ತು. ಹುಲ್ಲು ಕೆಲವೇ ಸೆಂಟಿಮೀಟರ್ ಜಾಸ್ತಿ ಬೆಳೆಯಿತು, ಅಷ್ಟೇ. ನೆಲ ತಣ್ಣಗಾಯಿತು. ಇರುವೆ ಹೋಯಿತು, ಅದರ ಹಿಂದೆಯೇ ಚಿಟ್ಟೆಯೂ ಹೋಯಿತು. ಚಿಟ್ಟೆ ಹಿಡಿಯುವವರನ್ನು ತಡೆಯಲು ಹಾಕಿದ ಬೇಲಿ ಮೇಯುವ ಪ್ರಾಣಿಗಳನ್ನೂ ತಡೆದಿತ್ತು! 1979ರಲ್ಲಿ ಈ ಚಿಟ್ಟೆ ಬ್ರಿಟನ್ನಿನಿಂದ ಪೂರ್ತಿ ಮರೆಯಾಯಿತು. ಅಷ್ಟರಲ್ಲಿ ಕಾರಣ ಗೊತ್ತಾಗಿತ್ತು. ದನ, ಕುರಿಗಳನ್ನು ಮತ್ತೆ ಮೇಯಲು ಬಿಟ್ಟು, 1980ರ ದಶಕದಲ್ಲಿ ಸ್ವೀಡನ್ನಿನಿಂದ ಚಿಟ್ಟೆ ತಂದು ನೆಲೆಗೊಳಿಸಿದರು. ಈಗ ಅಲ್ಲಿ ಅದು ಮತ್ತೆ ಹಾರಾಡುತ್ತಿದೆ.

ಹುಲ್ಲುಗಾವಲಿನ ಬಗ್ಗೆ ನನಗೆ ಜಾಸ್ತಿ ಸಂಕಟ. ಕಾಡು ಕಡಿದರೆ ಕೂಗೆಬ್ಬಿಸುವವರು ಇದ್ದಾರೆ. ಹುಲ್ಲುಗಾವಲನ್ನು ಮಾತ್ರ ಸುಮ್ನೆ ಬಿದ್ದಿರುವ ಜಾಗ ಅಂದುಕೊಂಡು ಉಳುತ್ತಾರೆ, ಇಲ್ಲವೇ ಒಳ್ಳೆಯ ಮನಸ್ಸಿನಿಂದಲೇ ಅಲ್ಲಿ ಸಸಿ ನೆಡುತ್ತಾರೆ. ಸಸಿ ಮರವಾಗಿ ನೆರಳು ಬಿದ್ದ ಮೇಲೆ ಬಿಸಿಲು ಬೇಡುವ ಹುಲ್ಲು, ಹೂಗಿಡಗಳು ಸೊರಗುತ್ತವೆ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ ಆ ಮರಗಳೇ ಕಂಟಕ, ಬೇಟೆಯ ಹಕ್ಕಿಗಳು ಅಲ್ಲೇ ಕೂತು ಹೊಂಚು ಹಾಕುತ್ತವೆ. ಹುಲ್ಲುಗಾವಲಿನ ಇಂಗಾಲ ಬಹುಪಾಲು ಬೇರು ಮತ್ತು ಮಣ್ಣಿನಲ್ಲಿ ಕೂತಿರುತ್ತದೆ. ಮೇಲೆ ಬೆಂಕಿ ಹಾಯ್ದು ಹೋದರೂ ಅದರ ಬಹುಭಾಗ ಉಳಿಯುತ್ತದೆ. ಆದರೆ ನೇಗಿಲು ಬಿದ್ದರೆ ಉಳಿಯುವುದು ಕಷ್ಟ. ಹಳೆಯ ಹುಲ್ಲುಗಾವಲನ್ನು ಒಮ್ಮೆ ಉತ್ತರೆ ಅದರ ಸಸ್ಯಗಳೆಲ್ಲ ಮರಳಲು ಹತ್ತಾರು ವರ್ಷ ಬೇಕು, ಕೆಲವೊಮ್ಮೆ ನೂರಾರು.

ಕಾಡಿಗೆ ಇನ್ನೊಂದು ಬಗೆಯ ಪೆಟ್ಟಿದೆ, ಅದು ತುಂಡಾಗುವುದು. ಅಮೆಜಾನ್ ಕಾಡಿನಲ್ಲಿ 1979ರಲ್ಲಿ ಶುರುವಾದ ಪ್ರಯೋಗದಲ್ಲಿ 1, 10 ಮತ್ತು 100 ಹೆಕ್ಟೇರಿನ ಕಾಡಿನ ತುಂಡುಗಳನ್ನು ವರ್ಷಗಟ್ಟಲೆ ಗಮನಿಸಿದರು. ಅಂಚಿನಿಂದ ಬಿಸಿಗಾಳಿ ಒಳನುಗ್ಗಿತು, ದೊಡ್ಡ ಮರಗಳು ಉರುಳಿದವು. ತುಂಡು ಚಿಕ್ಕದಾದಷ್ಟೂ ಒಳಗಿನ ಹಕ್ಕಿಗಳು ಬೇಗ ಕಾಣೆಯಾದವು. ಚಿಕ್ಕ ತುಂಡಿನಲ್ಲಿ ಎಲ್ಲವೂ ಅಂಚೇ ಅಲ್ವಾ? ಅದಕ್ಕೇ ತುಂಡುಗಳನ್ನು ಜೋಡಿಸುವ ಕಾಡಿನ ಪಟ್ಟಿಗಳಿಗೆ, ಅಂದರೆ ಕಾರಿಡಾರ್‌ಗಳಿಗೆ ಅಷ್ಟು ಬೆಲೆ.

2030ರೊಳಗೆ ಭೂಮಿಯ ನೆಲ ಮತ್ತು ನೀರಿನ ಶೇಕಡಾ 30ರಷ್ಟನ್ನು ಕಾಪಾಡಬೇಕೆಂದು 2022ರಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು ಒಪ್ಪಿವೆ. ಗುರಿ ಒಳ್ಳೆಯದು. ಆದರೆ ವಿಸ್ತೀರ್ಣ ಎಣಿಸುವಾಗ ಆ ಜಾಗ ಯಾವ ಸ್ಥಿತಿಯಲ್ಲಿದೆ ಅನ್ನುವುದನ್ನೂ ನೋಡಬೇಕು. ನಾವು ನೀವು ಹಣವನ್ನೋ ಸಮಯವನ್ನೋ ಕೊಡುವಾಗಲೂ ಹಾಗೆಯೇ. ಸಸಿ ನೆಡುವವರನ್ನು ಮೊದಲು ಕೇಳಿ: ಈ ಜಾಗದಲ್ಲಿ ಇಲ್ಲಿಯವರೆಗೆ ಏನು ಬೆಳೆಯುತ್ತಿತ್ತು? ಹಳೆಯ ಹುಲ್ಲುಗಾವಲು ಅಂತ ಉತ್ತರ ಬಂದರೆ, ಅಲ್ಲಿನ ಹುಲ್ಲನ್ನೇ ಉಳಿಸುವ ಕೆಲಸಕ್ಕೆ ಕೈಜೋಡಿಸಿ. ಸಸಿಗೆ ಹಿಂದೆ ಕಾಡಿದ್ದು ಬೋಳಾದ ಜಾಗ ಹುಡುಕಿ.